ಹಳೇ ಪೌಡರ್ ಡಬ್ಬಿ: ಲೇಬಲ್ ನಂಬಬೇಡಿ

ಟೆಕ್ಸಾಸ್‌ನ ಎಸ್ಟೇಟ್ ಸೇಲ್‌ನಲ್ಲಿ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ಅರ್ಧ ಡಬ್ಬಿ ವಿಂಚೆಸ್ಟರ್ 630 ಎಂಬ ಹಳೇ ಬಂದೂಕಿನ ಮದ್ದು ಸಿಕ್ಕಿದೆ, .357 ಮ್ಯಾಗ್ನಮ್ ರಿವಾಲ್ವರ್ ತೋಟಾಗಳಿಗೆ ತುಂಬಬಹುದಾ ಅಂತ ಕೇಳಿದ್ದೀರಿ. 'ಅರ್ಧ ಡಬ್ಬಿ' ಅನ್ನೋದೇ ನನಗೆ ಹಿಡಿಸಲಿಲ್ಲ ಸಾರ್. ಸೀಲ್ ಒಡೆದ ಮೇಲೆ ಹಳೇ ಮಾಲೀಕ ಅದರೊಳಗೆ ಏನು ಸುರಿದಿಟ್ಟಿದ್ದಾನೋ, ಯಾರು ಬಲ್ಲರು? ತುಂಬಬೇಡಿ.

ಸೀಲ್ ಇದ್ದಿದ್ದರೂ ಮೂಸಿ ನೋಡಲೇಬೇಕಿತ್ತು. ಹುಳಿ ಘಾಟು, ಕೆಂಪು-ಕಂದು ಹೊಗೆ, ತುಕ್ಕಿನಂಥ ಧೂಳು ಕಂಡರೆ ಮದ್ದಿನ ಮುಖ್ಯ ಅಂಶವಾದ ನೈಟ್ರೋಸೆಲ್ಯುಲೋಸ್ ಕೆಡುತ್ತಿದೆ ಎಂದರ್ಥ. ಅದು ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ಚೆನ್ನಾಗಿದ್ದರೂ ತೋಟಾ ತುಂಬುವ ಆ ಕಾಲದ ಮ್ಯಾನ್ಯುಯಲ್‌ನ ಅಳತೆಯೇ ಬೇಕು, ವಿಂಚೆಸ್ಟರ್‌ನದೇ ಇನ್ನೊಂದು ಮದ್ದಾದ 296ರ ಅಳತೆ ಇದಕ್ಕೆ ಹೊಂದಲ್ಲ. ನಂಬರ್ ನೋಡಿ ಮೋಸಹೋಗುವವರೂ ಇದ್ದಾರೆ: ವಿಂಚೆಸ್ಟರ್ ಮದ್ದುಗಳಲ್ಲೇ ನಿಂತುಹೋದ 230 ಬೇರೆ, ಇವತ್ತಿಗೂ ಹೆಸರಿರುವ 231 ಬೇರೆ.

ಖಾಲಿ ಡಬ್ಬಿ ಷೋಕೇಸ್‌ಗೆ ಚೆಂದ. ಪುಡಿಯನ್ನು ಹುಲ್ಲಿನ ಮೇಲೆ ತೆಳ್ಳಗೆ ಎರಚಿಬಿಡಿ, ಸಾರಜನಕದ ಗೊಬ್ಬರ ಆಗುತ್ತೆ.