ಕೊಲೆಗೆ ಶಿಕ್ಷೆ ಇದ್ದೇ ಇದೆ, ಮತ್ತೆ ದ್ವೇಷಾಪರಾಧ ಕಾನೂನು ಯಾಕೆ?

ಹಲ್ಲೆ, ಕೊಲೆಗೆ ಮೊದಲೇ ಶಿಕ್ಷೆ ಇರುವಾಗ ಅಮೆರಿಕದವರು ದ್ವೇಷಾಪರಾಧ ಕಾನೂನಿಗೆ (ಜನಾಂಗ, ಧರ್ಮದಂಥ ಕಾರಣಕ್ಕೆ ಗುರಿ ಮಾಡಿ ಹೊಡೆದರೆ, ಕೊಂದರೆ ತಗಲುವ ಕಾನೂನು) ಸಲಿಂಗಿಗಳನ್ನೂ ಸೇರಿಸಿದ್ದು ಯಾಕೆ, ಅದು ಅವರಿಗೊಂದು ವಿಶೇಷ ಸವಲತ್ತಲ್ವಾ ಅಂತ ಕೇಳಿದ್ದೀರಿ. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಎರಡು ಊರುಗಳ ಕತೆ ಓದಿದ ಮೇಲೆ ಮನಸ್ಸು ಬದಲಾಯಿತು.

1998ರ ಜೂನ್‌ನಲ್ಲಿ ಟೆಕ್ಸಸ್‌ನ ಜಾಸ್ಪರ್‌ನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ಜನಾಂಗದವರನ್ನು ಮೂವರು ಬಿಳಿಯರು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದರು. ಅದೇ ಅಕ್ಟೋಬರ್‌ನಲ್ಲಿ ವಯೋಮಿಂಗ್‌ನ ಲಾರಮಿಯಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಿ ವಿದ್ಯಾರ್ಥಿಯನ್ನು ಇಬ್ಬರು ಬಡಿದು, ಬೇಲಿಗೆ ಕಟ್ಟಿ ಹೋದರು. ಸುಮಾರು 18 ಗಂಟೆ ಆ ಚಳಿಯಲ್ಲೇ ಇದ್ದ. ಸೈಕಲ್ಲಿನಲ್ಲಿ ಬಂದ ಹುಡುಗನಿಗೆ ಮೊದಲು ಬೆರ್ಚಪ್ಪನ ಹಾಗೆ ಕಂಡನಂತೆ. ಅಕ್ಟೋಬರ್ 12ಕ್ಕೆ ತೀರಿಕೊಂಡ.

ತನಿಖೆಗೆ ಅಂತ ಜಾಸ್ಪರ್‌ಗೆ ಕೇಂದ್ರ ಸರ್ಕಾರದ ಹಣ ಬಂತು. ಲಾರಮಿಗೆ ಬರಲಿಲ್ಲ. ಯಾಕೆಂದರೆ ಆಗಿದ್ದ 1968ರ ದ್ವೇಷಾಪರಾಧ ಕಾನೂನಿನಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇಷ್ಟೇ ಇದ್ದವು. ತನಿಖೆಯ ಖರ್ಚಿಗೆ ಲಾರಮಿಯ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಕಚೇರಿ ಐವರು ಸಿಬ್ಬಂದಿಯನ್ನು ಸಂಬಳವಿಲ್ಲದೆ ಮನೆಗೆ ಕಳಿಸಬೇಕಾಯಿತು. ಆ ಕೇಸಿನ ತನಿಖೆ ನಡೆಸಿದ ಪೊಲೀಸ್ ಅಧಿಕಾರಿ ಡೇವ್ ಒಮ್ಯಾಲಿ ಆಮೇಲೆ ವಾಷಿಂಗ್ಟನ್‌ಗೆ ಹೋಗಿ ಕಾನೂನು ತಿದ್ದಿ ಅಂತ ಕೇಳಿದರು. ಮುಂಚೆ ತಮಗೇ ಸಲಿಂಗಿಗಳನ್ನು ಕಂಡರೆ ಆಗುತ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ.

2009ರಲ್ಲಿ ಒಬಾಮ ಸಹಿ ಹಾಕಿದ, ಸಲಿಂಗಿಗಳನ್ನೂ ಸೇರಿಸಿದ ಕಾನೂನಿಗೆ ಶೆಪರ್ಡ್, ಬರ್ಡ್ ಇಬ್ಬರ ಹೆಸರೂ ಇದೆ. ಚರ್ಚಿನಲ್ಲಿ ಸಲಿಂಗಕಾಮ ಪಾಪ ಅಂತ ಬೋಧಿಸಿದರೂ ಜೈಲು ಅಂತ ಆಗ ಗುಲ್ಲೆದ್ದಿತ್ತು. ಹಾಗೇನಿಲ್ಲ. ಮೈಗೆ ಗಾಯ ಮಾಡಿರಬೇಕು, ಇಲ್ಲಾ ಆಯುಧ ಹಿಡಿದು ಮಾಡಲು ಹೋಗಿರಬೇಕು. ಬರೀ ಮಾತಿಗೆ ಅದು ತಗಲುವುದಿಲ್ಲ.

ಸವಲತ್ತಿನ ಮಾತೂ ನಿಲ್ಲುವುದಿಲ್ಲ. ಸಲಿಂಗಿ ಅಂದುಕೊಂಡು ಇನ್ಯಾರಿಗೋ ಹೊಡೆದರೂ ಇದು ಅನ್ವಯ. ಇಂಥ ದ್ವೇಷದ ಹಲ್ಲೆಗೆ ಹೆಚ್ಚುವರಿ ಶಿಕ್ಷೆ ಕೊಡುವುದು ಸರಿ ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು 1993ರಲ್ಲಿ ಹೇಳಿದ ವಿಸ್ಕಾನ್ಸಿನ್ ರಾಜ್ಯದ ಕೇಸಿನಲ್ಲಿ ಹೊಡೆಸಿಕೊಂಡವನು ಬಿಳಿಯ ಹುಡುಗ, ಶಿಕ್ಷೆಯಾದವನು ಕಪ್ಪು ಯುವಕ!

ಒಂದು ಮಾತು ಮಾತ್ರ ಒಪ್ಪುತ್ತೇನೆ. ಶೆಪರ್ಡ್‌ನನ್ನು ಕೊಂದವರಿಗೆ ಮಾಮೂಲಿ ಕಾನೂನಿನಲ್ಲೇ ಎರಡೆರಡು ಜೀವಾವಧಿ ಆಯಿತು. ಶಿಕ್ಷೆ ಜಾಸ್ತಿ ಮಾಡಿದರೆ ಜನ ಹೆದರುತ್ತಾರೆ ಅನ್ನುವುದು ನನಗೂ ಅನುಮಾನವೇ. ನನಗೆ ಬೇಕಾಗಿದ್ದು ಮನೆಗೆ ಕಳಿಸಿದ ಆ ಐವರ ಸಂಬಳ.