33 ಆನೆಗಳ ಲೆಕ್ಕಕ್ಕೆ ಉತ್ತರ

ಕೇಳಿದ್ದು ಇಷ್ಟು ಅಲ್ವಾ: 8×8 ಚೆಸ್ ಬೋರ್ಡಿನ ಮೇಲೆ ಎಲ್ಲೆಂದರಲ್ಲಿ 33 ಆನೆ (ರೂಕ್, ಅಂದರೆ ಅಡ್ಡಕ್ಕೂ ಕಂಬಕ್ಕೂ ನೇರವಾಗಿ ಹೊಡೆಯುವ ಕಾಯಿ) ಇಟ್ಟಿದ್ದಾರೆ. ಅವುಗಳಲ್ಲಿ ಒಂದನ್ನೊಂದು ಹೊಡೆಯದ 5 ಆನೆ ಸಿಕ್ಕೇ ಸಿಗುತ್ತವೆ ಅಂತ ಸಾಧಿಸಬೇಕು. ನಡುವೆ ಬೇರೆ ಕಾಯಿ ಅಡ್ಡ ಇದೆ ಅನ್ನೋ ನೆಪ ಬೇಡ, ಆ ಐದರಲ್ಲಿ ಯಾವ ಎರಡೂ ಒಂದೇ ಅಡ್ಡಸಾಲಿನಲ್ಲಾಗಲಿ ಒಂದೇ ಕಂಬಸಾಲಿನಲ್ಲಾಗಲಿ ಇರಬಾರದು.

ಮೇಲೆ ಒಬ್ಬರು "ನಾಲ್ಕು ಸಾಲಿಗೆ 32 ಆನೆ ಹಿಡಿಸುತ್ತೆ, 33ನೇದು ಐದನೇ ಸಾಲಿಗೆ ಬರಲೇಬೇಕು, ಮುಗೀತು" ಅಂತ ಬರೆದಿದ್ದಾರೆ. ಮುಗಿದಿಲ್ಲ. ಐದು ಸಾಲಿನಲ್ಲಿ ಆನೆ ಇದ್ದ ಮಾತ್ರಕ್ಕೆ ಹೊಡೆಯದ ಐದು ಆನೆ ಸಿಗೋದಿಲ್ಲ. ಮೊದಲನೇ ಅಡ್ಡಸಾಲು ಪೂರ್ತಿ, ಮೊದಲನೇ ಕಂಬಸಾಲು ಪೂರ್ತಿ ತುಂಬಿ ನೋಡಿ. ಒಟ್ಟು 15 ಆನೆ, ಎಂಟೂ ಸಾಲಿನಲ್ಲಿ ಆನೆ ಇದೆ. ಆದರೂ ಹೊಡೆಯದವು ಎರಡಕ್ಕಿಂತ ಜಾಸ್ತಿ ಸಿಗೋದಿಲ್ಲ.

ಪಾರಿವಾಳದ ಗೂಡಿನ ತತ್ವ (ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಯಾವುದೋ ಒಂದು ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಇರಲೇಬೇಕು ಅನ್ನೋದು) ಗೊತ್ತಿದ್ದರೂ ಎಲ್ಲರೂ ಸಿಕ್ಕಿಕೊಳ್ಳೋದು ಇಲ್ಲೇ. ಸಾಲನ್ನೇ ಗೂಡು ಅಂದುಕೊಂಡರೆ ಒಂದು ಸಾಲಿನಲ್ಲಿ 5 ಆನೆ ಇರುತ್ತವೆ ನಿಜ, ಆದರೆ ಅವು ಒಂದನ್ನೊಂದು ಹೊಡೆಯುವಂಥವೇ! ನಮಗೆ ಬೇಕಾದ ಗೂಡು ಎಂಥದ್ದು ಅಂದರೆ, ಅದರೊಳಗಿನ ಯಾವ ಎರಡು ಮನೆಯೂ ಸಾಲು ಹಂಚಿಕೊಳ್ಳಬಾರದು.

ಒಂದು ಹಾಳೆಯಲ್ಲಿ ಬೋರ್ಡ್ ಬರೆದುಕೊಳ್ಳಿ. ಪ್ರತಿ ಮನೆಯಲ್ಲೂ ಅಡ್ಡಸಾಲಿನ ಸಂಖ್ಯೆ, ಕಂಬಸಾಲಿನ ಸಂಖ್ಯೆ ಕೂಡಿಸಿ 8ರಿಂದ ಭಾಗಿಸಿದರೆ ಬರುವ ಶೇಷ ಬರೆಯಿರಿ. ಮೊದಲನೇ ಸಾಲು 2, 3, 4, 5, 6, 7, 0, 1. ಎರಡನೇದು 3, 4, 5, 6, 7, 0, 1, 2. ಹೀಗೇ ಒಂದೊಂದು ಮನೆ ಜರುಗುತ್ತಾ ಹೋಗುತ್ತೆ. ಯಾವ ಅಂಕಿಯೂ ಒಂದು ಸಾಲಿನಲ್ಲಿ ಎರಡು ಸಲ ಬರೋದಿಲ್ಲ, ಅಡ್ಡಕ್ಕೂ ಅಷ್ಟೇ ಕಂಬಕ್ಕೂ ಅಷ್ಟೇ. 1 ಇರುವ ಮನೆಗಳು ನೇರ ಉದ್ದ ಕರ್ಣ, ಉಳಿದ ಅಂಕಿಗಳದ್ದು ಎರಡು ತುಂಡಾದ ಕರ್ಣ. ಅಂಕಿ 8, ಅಂದರೆ ಗೂಡು 8. ಪ್ರತಿ ಗೂಡಿನಲ್ಲೂ ನಾಲ್ಕೇ ಆನೆ ಅಂದರೆ ಒಟ್ಟು 32ಕ್ಕೆ ನಿಂತುಬಿಡುತ್ತೆ, ನಮ್ಮ ಹತ್ತಿರ ಇರೋದು 33. ಹಾಗಾಗಿ ಯಾವುದೋ ಒಂದು ಅಂಕಿಯ ಮೇಲೆ ಐದು ಆನೆ ಕೂತಿರಲೇಬೇಕು, ಅವೇ ನಮಗೆ ಬೇಕಾದವು.

ಸಾಲು ಹಿಡಿದು ಹೊರಟವರೂ ಬೇಜಾರಾಗಬೇಡಿ, ಆ ದಾರಿಯಲ್ಲೂ ಊರು ಸೇರಬಹುದು, ಸ್ವಲ್ಪ ಸುತ್ತು ಅಷ್ಟೇ. ಒಂದು ಸಾಲಿನಲ್ಲಿ ಕನಿಷ್ಠ 5 ಆನೆ ಇವೆ. ಆ ಸಾಲು ಬದಿಗಿಡಿ. ಹೋಗೋದು ಹೆಚ್ಚೆಂದರೆ 8, ಉಳಿದ ಏಳು ಸಾಲಿನಲ್ಲಿ ಕನಿಷ್ಠ 25 ಇವೆ, ಹಾಗಾಗಿ ಒಂದರಲ್ಲಿ ಕನಿಷ್ಠ 4. ಅದನ್ನೂ ಬದಿಗಿಟ್ಟರೆ ಆರು ಸಾಲಿಗೆ 17, ಒಂದರಲ್ಲಿ 3. ಆಮೇಲೆ ಐದು ಸಾಲಿಗೆ 9, ಒಂದರಲ್ಲಿ 2. ಕೊನೆಗೆ ನಾಲ್ಕು ಸಾಲಿಗೆ 1 ಆದರೂ ಉಳಿಯುತ್ತೆ. ಈಗ ಹಿಂದಿನಿಂದ ಆರಿಸಿ: ಮೊದಲು ಆ ಒಂದನ್ನು ತೆಗೆದುಕೊಳ್ಳಿ, ಎರಡಿರುವ ಸಾಲಿನಲ್ಲಿ ಅದರ ಕಂಬಸಾಲು ತಪ್ಪಿಸಿ ಇನ್ನೊಂದು, ಮೂರಿರುವ ಸಾಲಿನಲ್ಲಿ ಆ ಎರಡರ ಕಂಬಸಾಲನ್ನೂ ತಪ್ಪಿಸಿ ಮತ್ತೊಂದು, ಹೀಗೇ ನಾಲ್ಕಿರುವ ಮತ್ತು ಐದಿರುವ ಸಾಲಿನಲ್ಲೂ. ಪ್ರತಿ ಸಲವೂ ಒಂದಾದರೂ ಉಳಿದೇ ಇರುತ್ತೆ. ನನಗೆ ಅಂಕಿ ಬರೆಯೋ ದಾರಿಗಿಂತ ಇದೇ ಇಷ್ಟ, ಯಾಕಂದರೆ ಆ ಐದನ್ನು ಹೇಗೆ ಹುಡುಕೋದು ಅಂತಲೂ ಇದು ಹೇಳುತ್ತೆ.

32 ಸಾಕಾ ಅಂತ ಕೇಳಿದ್ದವರಿಗೆ: ಸಾಕಾಗಲ್ಲ. ನಾಲ್ಕು ಅಡ್ಡಸಾಲು ಪೂರ್ತಿ ತುಂಬಿಬಿಡಿ, ಯಾವ ಐದನ್ನು ತೆಗೆದರೂ ಎರಡು ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತವೆ.