ಅಭ್ಯಾಸಕ್ಕೆ ತಡವಾಗಿ ಬರುವ ಆಟಗಾರ: ದಂಡ ಸಾಕೇ, ಬೆಂಚು ಬೇಕೇ?

ಪ್ರಶ್ನೆ: ನಾನು ಬೆಂಗಳೂರಿನ ಲೀಗ್‌ನಲ್ಲಿ ಆಡುವ ಒಂದು ಫುಟ್‌ಬಾಲ್ ತಂಡದ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೆಲವರು ಸಂಬಳ ಪಡೆಯುವ ವೃತ್ತಿಪರ ಆಟಗಾರರು, ಉಳಿದವರು ಬೇರೆ ಕೆಲಸದಲ್ಲಿದ್ದುಕೊಂಡು ಆಡುವವರು. ಎಲ್ಲರಿಗಿಂತ ಹೆಚ್ಚು ಗೋಲು ಹೊಡೆಯುವ, ಎಲ್ಲರಿಗಿಂತ ಹೆಚ್ಚು ಸಂಬಳದ ಆಟಗಾರನೇ ವಾರದಲ್ಲಿ ಎರಡು ಮೂರು ದಿನ ಬೆಳಗಿನ ಅಭ್ಯಾಸಕ್ಕೆ ಹದಿನೈದು ಇಪ್ಪತ್ತು ನಿಮಿಷ ತಡವಾಗಿ ಬರುತ್ತಾನೆ. ಕೋಚ್ ಪ್ರತಿ ಸಲವೂ ಐನೂರು ರೂಪಾಯಿ ದಂಡ ಹಾಕುತ್ತಾರೆ. ಅವನು ಮರುಮಾತಾಡದೆ ಕಟ್ಟುತ್ತಾನೆ, ಮತ್ತೆ ತಡವಾಗಿಯೇ ಬರುತ್ತಾನೆ. ಈಗ ಕಿರಿಯರೂ ಅದೇ ದಾರಿ ಹಿಡಿದಿದ್ದಾರೆ. ದೊಡ್ಡ ಕ್ಲಬ್‌ಗಳು ಇದನ್ನು ಹೇಗೆ ನಿಭಾಯಿಸುತ್ತವೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ‘ಮರುಮಾತಾಡದೆ ಕಟ್ಟುತ್ತಾನೆ’ ಎಂದು ನೀವು ಬರೆದಿರುವ ಮಾತಿನಲ್ಲೇ ತೊಡಕಿನ ಮೂಲವಿದೆ. ಆ ಐನೂರು ರೂಪಾಯಿ ಅವನ ಪಾಲಿಗೆ ಈಗ ಶಿಕ್ಷೆಯಾಗಿ ಉಳಿದಿಲ್ಲ. ಇಪ್ಪತ್ತು ನಿಮಿಷದ ನಿದ್ದೆಗೆ ಅವನು ತೆರುವ ಬೆಲೆಯಾಗಿದೆ. ಬೆಲೆ ಕೊಟ್ಟವನಿಗೆ ತಪ್ಪು ಮಾಡಿದೆನೆಂಬ ಅಳುಕು ಇರುವುದಿಲ್ಲ.

ದಂಡದ ಪದ್ಧತಿಯನ್ನು ಗಂಭೀರವಾಗಿ ರೂಪಿಸಿದ ಉದಾಹರಣೆ ಬೇಕಿದ್ದರೆ ಲಂಡನ್ನಿನ ಚೆಲ್ಸಿ ಕ್ಲಬ್ಬಿನದನ್ನು ನೋಡಬಹುದು. ಫ್ರಾಂಕ್ ಲ್ಯಾಂಪಾರ್ಡ್ ಅಲ್ಲಿ ಕೋಚ್ ಆಗಿದ್ದಾಗ, 2019ರಲ್ಲಿ, ಡ್ರೆಸ್ಸಿಂಗ್ ರೂಮಿನ ದಂಡಪಟ್ಟಿ ಪತ್ರಿಕೆಗಳ ಕೈಸೇರಿತು. ತಂಡದ ಸಭೆಗೆ ತಡವಾದರೆ ನಿಮಿಷಕ್ಕೆ 500 ಪೌಂಡ್, ಪಂದ್ಯದ ದಿನ ತಡವಾದರೆ 2,500 ಪೌಂಡ್, ಅಭ್ಯಾಸ ಆರಂಭವಾಗುವ ಹೊತ್ತಿಗೆ ಮೈದಾನದಲ್ಲಿಲ್ಲದಿದ್ದರೆ 20,000 ಪೌಂಡ್! ಹದಿನಾಲ್ಕು ದಿನಗಳೊಳಗೆ ಕಟ್ಟದಿದ್ದರೆ ದಂಡ ಇಮ್ಮಡಿಯಾಗುತ್ತಿತ್ತು. ಸಂಗ್ರಹವಾದ ಹಣ ತಂಡದ ಚಟುವಟಿಕೆಗಳಿಗೂ ದಾನಕ್ಕೂ ಹೋಗುತ್ತಿತ್ತು. ಪಂದ್ಯದ ದಿನದ ದಂಡಕ್ಕಿಂತ ಅಭ್ಯಾಸದ ದಂಡ ಎಂಟು ಪಟ್ಟು ದೊಡ್ಡದಾಗಿರುವುದನ್ನು ಗಮನಿಸಿ. ಪಂದ್ಯಕ್ಕೆ ಬೇಗ ಬರಲು ಆಟಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳವಾರದ ಬೆಳಗಿನ ಅಭ್ಯಾಸವನ್ನು ಹಗುರವಾಗಿ ಕಾಣುವುದೇ ಮೊದಲು ಹುಟ್ಟುವ ಕೆಡುಕು ಎಂಬ ತಿಳಿವಳಿಕೆ ಆ ಪಟ್ಟಿಯಲ್ಲಿದೆ ಎಂದು ನನಗೆ ತೋರುತ್ತದೆ. ನಿಮಿಷದ ಲೆಕ್ಕವೂ ಒಳ್ಳೆಯದೇ. ಐದು ನಿಮಿಷ ತಡವಾದವನು ‘ಹೇಗೂ ದಂಡ ಬಿತ್ತಲ್ಲ’ ಎಂದು ಇನ್ನಷ್ಟು ನಿಧಾನಿಸದಂತೆ ಅದು ತಡೆಯುತ್ತದೆ.

ಆದರೂ ವೃತ್ತಿಪರ ಆಟಗಾರನಿಗೆ ಹಣಕ್ಕಿಂತ ದೊಡ್ಡದೊಂದಿದೆ, ಅದು ಆಡುವ ಹನ್ನೊಂದರಲ್ಲಿ ಅವನ ಸ್ಥಾನ. 2022ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ವುಲ್ವ್ಸ್ ವಿರುದ್ಧ ಆಡಬೇಕಿತ್ತು. ಆ ದಿನಗಳಲ್ಲಿ ಅತ್ಯುತ್ತಮ ಲಯದಲ್ಲಿದ್ದ ಮಾರ್ಕಸ್ ರಾಶ್‌ಫರ್ಡ್ ನಿದ್ದೆಯಿಂದ ಏಳುವುದು ತಡವಾಗಿ ತಂಡದ ಸಭೆಗೆ ಸಮಯಕ್ಕೆ ಬರಲಿಲ್ಲ. ಕೋಚ್ ಎರಿಕ್ ಟೆನ್ ಹಾಗ್ ಅವನನ್ನು ಬೆಂಚಿನಲ್ಲಿ ಕೂರಿಸಿದರು. ಮಧ್ಯಂತರದ ನಂತರ ಕಣಕ್ಕಿಳಿಸಿದರು. 76ನೆಯ ನಿಮಿಷದಲ್ಲಿ ಅವನೇ ಗೋಲು ಹೊಡೆದ, ತಂಡ 1–0 ಅಂತರದಲ್ಲಿ ಗೆದ್ದಿತು. ಇದರಲ್ಲಿ ನಾನು ಬಹಳ ಮೆಚ್ಚುವುದು ಶಿಕ್ಷೆಯ ಅಳತೆಯನ್ನು. ಅದು ಎಲ್ಲರಿಗೂ ಕಾಣುವಂತಿತ್ತು, ತಪ್ಪಿಗೆ ತಕ್ಕಷ್ಟೇ ಇತ್ತು, ಅರ್ಧ ಪಂದ್ಯದಲ್ಲಿ ಮುಗಿಯಿತು. ವಾರಗಟ್ಟಲೆ ಮಾತು ಬಿಟ್ಟು ಮುನಿಸಿಕೊಂಡಿರುವ ಕೋಚ್‌ನಿಂದ ಈ ಫಲ ಸಿಗಲಾರದು.

ಎಲ್ಲ ಪ್ರಕರಣಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಗೋಲು ಹೊಡೆಯುವುದರಲ್ಲಿ ಹೆಸರಾದ ಪಿಯರ್-ಎಮೆರಿಕ್ ಔಬಮೆಯಾಂಗ್ ಜರ್ಮನಿಯ ಡಾರ್ಟ್‌ಮಂಡ್ ತಂಡದಲ್ಲಿದ್ದಾಗ, 2018ರ ಜನವರಿಯಲ್ಲಿ, ತಂಡದ ಸಭೆ ತಪ್ಪಿಸಿದ್ದಕ್ಕಾಗಿ ವುಲ್ಫ್ಸ್‌ಬರ್ಗ್ ವಿರುದ್ಧದ ಪಂದ್ಯದಿಂದ ಹೊರಗುಳಿಯಬೇಕಾಯಿತು. ಅದೇ ತಿಂಗಳ ಕೊನೆಗೆ ಅವನು ಲಂಡನ್ನಿನ ಆರ್ಸೆನಲ್ ಕ್ಲಬ್ ಸೇರಿದ, ಮುಂದೆ ಅಲ್ಲಿ ನಾಯಕನೂ ಆದ. 2021ರ ಮಾರ್ಚ್‌ನಲ್ಲಿ ಪರಮ ಎದುರಾಳಿ ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯದ ದಿನ ತಡವಾಗಿ ಬಂದದ್ದಕ್ಕೆ ಕೋಚ್ ಮಿಕೆಲ್ ಅರ್ಟೆಟಾ ನಾಯಕನೆಂದೂ ನೋಡದೆ ಅವನನ್ನು ಪೂರ್ತಿ ಪಂದ್ಯ ಬೆಂಚಿನಲ್ಲೇ ಕೂರಿಸಿದರು. ಆರ್ಸೆನಲ್ 2–1ರಿಂದ ಗೆದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅನುಮತಿ ಪಡೆದು ವಿದೇಶಕ್ಕೆ ಹೋದವನು ಹೇಳಿದ ಸಮಯಕ್ಕೆ ಮರಳದಿದ್ದಾಗ, ನಾಯಕತ್ವವೇ ಹೋಯಿತು. ಕೆಲವೇ ವಾರಗಳಲ್ಲಿ ಅವನು ಕ್ಲಬ್ ಬಿಟ್ಟು ಬಾರ್ಸಿಲೋನಾ ಸೇರಿದ. ಅಷ್ಟು ಗೋಲು ಹೊಡೆದವನನ್ನು ಕಳೆದುಕೊಳ್ಳುವುದು ಯಾವ ತಂಡಕ್ಕೂ ಸಣ್ಣ ನಷ್ಟವಲ್ಲ. ಆದರೆ ನಾಯಕನಿಗೊಂದು ಗಡಿಯಾರ, ಕಿರಿಯರಿಗೆ ಇನ್ನೊಂದು ಗಡಿಯಾರ ಎಂದಾದರೆ ಏನಾಗುತ್ತದೆ ಎಂಬುದನ್ನು ನೀವು ನಿಮ್ಮ ಮೈದಾನದಲ್ಲೇ ಕಾಣುತ್ತಿದ್ದೀರಿ.

ತಡವಾಗಿ ಬಂದವನು ಕಳೆದುಕೊಳ್ಳುವುದೇನು ಎಂಬುದನ್ನೂ ಅವನಿಗೆ ಬಿಡಿಸಿ ಹೇಳಬೇಕು. ಅಭ್ಯಾಸದ ಮೊದಲ ಇಪ್ಪತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವ ಹೊತ್ತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಪಿಸಿರುವ, ಗಾಯಗಳನ್ನು ತಡೆಯುವ ‘11+’ ಎಂಬ ವಾರ್ಮ್-ಅಪ್ ಕ್ರಮಕ್ಕೂ ಸುಮಾರು ಅಷ್ಟೇ ಸಮಯ ಬೇಕು. ಅದನ್ನು ಬಿಟ್ಟು ನೇರವಾಗಿ ಓಟಕ್ಕಿಳಿದವನ ತೊಡೆಯ ಹಿಂಭಾಗದ ಸ್ನಾಯು ಯಾವಾಗ ಬೇಕಾದರೂ ಕೈಕೊಡಬಹುದು. ಇನ್ನು ತಂಡದ ಮಾತು. ಮುಂಚೂಣಿ ಆಟಗಾರನಿಲ್ಲದೆ ಎದುರಾಳಿಯ ಮೇಲೆ ಒತ್ತಡ ಹೇರುವ ಅಭ್ಯಾಸ ಮಾಡಲಾಗದು, ಏಕೆಂದರೆ ಅದರ ಮೊದಲ ಹೆಜ್ಜೆ ಅವನದು. ಒಬ್ಬನಿಗಾಗಿ ಇಪ್ಪತ್ತು ಜನ ಕಾಯುತ್ತಾರೆ. ಅವರಲ್ಲಿ ಕೆಲವರು ಒಂಬತ್ತೂವರೆಗೆ ಕಚೇರಿಯಲ್ಲಿರಬೇಕಾದವರು.

ನನ್ನ ಸಲಹೆ ಇಷ್ಟು. ಮೊದಲು ಕೋಚ್ ಅವನನ್ನು ಒಬ್ಬನನ್ನೇ ಕರೆದು ಕಾರಣ ಕೇಳಲಿ. ಮನೆಯಲ್ಲಿ ಕಾಯಿಲೆಯೋ, ವೈಟ್‌ಫೀಲ್ಡ್‌ನಿಂದ ಎರಡು ಬಸ್ ಬದಲಿಸಿ ಬರುವ ಪಾಡೋ, ನಿದ್ದೆಗೆಡಿಸುವ ಬೇರಾವ ಚಿಂತೆಯೋ ಇದ್ದರೆ ಅದಕ್ಕೆ ಪರಿಹಾರ ಹುಡುಕುವುದು ಕ್ಲಬ್ಬಿನ ಹೊಣೆ. ಅಂಥದ್ದೇನೂ ಇಲ್ಲವಾದರೆ, ತಡವಾಗಿ ಬಂದವನು ಆ ವಾರದ ಪಂದ್ಯವನ್ನು ಬೆಂಚಿನಿಂದಲೇ ಆರಂಭಿಸಬೇಕೆಂಬ ನಿಯಮವನ್ನು ಎಲ್ಲರೆದುರು ಪ್ರಕಟಿಸಿ, ಮುಂದಿನ ಸೋಮವಾರದಿಂದ ಜಾರಿಗೆ ತನ್ನಿ. ಹಳೆಯ ತಪ್ಪುಗಳನ್ನು ಎಣಿಸಬೇಡಿ. ಕೋಚ್ ತಡವಾದರೆ ಅವರೂ ಎಲ್ಲರಂತೆ ದಂಡ ಕಟ್ಟಲಿ.

ಪ್ರಶ್ನೆ: ಹತ್ತು ನಿಮಿಷ ತಡವಾಯಿತೆಂದು ಶ್ರೇಷ್ಠ ಆಟಗಾರನನ್ನು ಹೊರಗಿಟ್ಟು ತಂಡ ಸೋತರೆ, ಹಣ ಕೊಟ್ಟು ಟಿಕೆಟ್ ಕೊಂಡ ಅಭಿಮಾನಿಗೆ ಅದು ಅನ್ಯಾಯವಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಅಳಲು ನ್ಯಾಯವಾದದ್ದೇ, ಅದಕ್ಕೆ ಬಲವಾದ ಸಾಕ್ಷಿಯೂ ಇದೆ. 2011ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವೇಯ್ನ್ ರೂನಿ ಮತ್ತು ಇಬ್ಬರು ಜೊತೆಗಾರರು ರಾತ್ರಿ ಹೊರಗೆ ಕಳೆದು ಮರುದಿನದ ಅಭ್ಯಾಸಕ್ಕೆ ತಕ್ಕ ಸ್ಥಿತಿಯಲ್ಲಿ ಬರಲಿಲ್ಲವೆಂದು ಕೋಚ್ ಅಲೆಕ್ಸ್ ಫರ್ಗುಸನ್ ಮೂವರಿಗೂ ದಂಡ ಹಾಕಿ, ಡಿಸೆಂಬರ್ 31ರ ಪಂದ್ಯದಿಂದ ಕೈಬಿಟ್ಟರು. ಅಂದು ಫರ್ಗುಸನ್ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಲೀಗ್‌ನ ಅಂಕಪಟ್ಟಿಯ ತಳದಲ್ಲಿದ್ದ ಬ್ಲ್ಯಾಕ್‌ಬರ್ನ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅದರ ತವರಿನಲ್ಲೇ 3–2ರಿಂದ ಸೋಲಿಸಿತು. ಆ ಋತುವಿನ ಕೊನೆಗೆ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು 89 ಅಂಕಗಳಲ್ಲಿ ನಿಂತವು. ಗೋಲಿನ ಅಂತರದಲ್ಲಿ ಪ್ರಶಸ್ತಿ ಮ್ಯಾಂಚೆಸ್ಟರ್ ಸಿಟಿಯ ಪಾಲಾಯಿತು. ಅಂದು ಒಂದೇ ಒಂದು ಅಂಕ ದಕ್ಕಿದ್ದರೂ ಕಪ್ ಯುನೈಟೆಡ್ಡಿನದಾಗುತ್ತಿತ್ತು.

ಹಾಗಿದ್ದೂ ನಾನು ಫರ್ಗುಸನ್ ಅವರ ಪಕ್ಷದಲ್ಲೇ ನಿಲ್ಲುತ್ತೇನೆ. ಅವರು ಆ ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಒಂದರ ಮೇಲೊಂದು ಹೊಸ ತಂಡ ಕಟ್ಟಿದ್ದು ಇಂಥ ನಿರ್ಧಾರಗಳಿಂದ; ಮರು ಋತುವಿನಲ್ಲಿ ಪ್ರಶಸ್ತಿ ಮರಳಿಯೂ ಬಂತು. 2019ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ತಂಡದ ಕರ್ತವ್ಯದಿಂದ ತಡವಾಗಿ ಮರಳಿದ ಜೇಡನ್ ಸ್ಯಾಂಚೊನನ್ನು ಡಾರ್ಟ್‌ಮಂಡ್ ಹೊರಗಿಟ್ಟಾಗ ಆ ತಂಡ ಪಂದ್ಯ ಗೆದ್ದಿತು. ಶಿಸ್ತಿನ ಕ್ರಮ ಸರಿಯೋ ತಪ್ಪೋ ಎಂಬುದನ್ನು ಅಂದಿನ ಒಂದು ಪಂದ್ಯದ ಅಂಕೆಗಳಿಂದ ಅಳೆಯಲಾಗದು.

ಪ್ರಶ್ನೆ: ಕ್ಲಬ್ ಎಷ್ಟು ಬೇಕಾದರೂ ದಂಡ ಹಾಕಬಹುದೇ? ತಡವಾಗಿ ಬಂದನೆಂದು ಒಪ್ಪಂದವನ್ನೇ ರದ್ದುಮಾಡಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಮಾದರಿ ಒಪ್ಪಂದದಲ್ಲಿ ಮೊದಲ ತಪ್ಪಿಗೆ ಸಾಮಾನ್ಯವಾಗಿ ಎರಡು ವಾರಗಳ ಮೂಲವೇತನ, ಹನ್ನೆರಡು ತಿಂಗಳೊಳಗೆ ಮತ್ತೆ ತಪ್ಪಿದರೆ ನಾಲ್ಕು ವಾರಗಳ ಮೂಲವೇತನ ದಂಡದ ಮಿತಿ. ಆಟಗಾರನಿಗೆ ಮೇಲ್ಮನವಿಯ ಹಕ್ಕೂ ಇದೆ. ಫಿಫಾ ನಿಯಮಾವಳಿಯ ಪ್ರಕಾರ ನ್ಯಾಯಯುತ ಕಾರಣವಿದ್ದಾಗ ಮಾತ್ರ ಕ್ಲಬ್ ತಾನಾಗಿ ಒಪ್ಪಂದ ಮುರಿಯಬಹುದು, ಮತ್ತು ಅದನ್ನು ಎಚ್ಚರಿಕೆ, ದಂಡ ಮೊದಲಾದ ಸಣ್ಣ ಕ್ರಮಗಳೆಲ್ಲ ಮುಗಿದ ನಂತರದ ಕಡೆಯ ಉಪಾಯವೆಂದೇ ನ್ಯಾಯಮಂಡಳಿಗಳು ಕಾಣುತ್ತವೆ. ಎರಡು ಮೂರು ದಿನ ಅಭ್ಯಾಸಕ್ಕೆ ತಡವಾದದ್ದು ಆ ಮಟ್ಟದ ತಪ್ಪಾಗದು. ಆದ್ದರಿಂದ ಕ್ಲಬ್‌ಗಳು ಋತುವಿನ ಆರಂಭದಲ್ಲೇ ನಿಯಮಗಳನ್ನು ಆಟಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು, ಪ್ರತಿಯೊಬ್ಬರ ಸಹಿ ಪಡೆದು, ಪ್ರತಿ ಎಚ್ಚರಿಕೆಯನ್ನೂ ದಿನಾಂಕದೊಡನೆ ದಾಖಲಿಸಿಟ್ಟುಕೊಳ್ಳಬೇಕು. ಆಟಗಾರನೂ ಅದರ ಒಂದು ಪ್ರತಿಯನ್ನು ಕೇಳಿ ಪಡೆಯಬೇಕು.